ತಡೆದವನ ಲೆಕ್ಕ

ಗಳಿಸಿದ್ದಕ್ಕೆ ಲೆಕ್ಕವಿಡುವುದು ಸುಲಭ. ತಡೆದದ್ದಕ್ಕೆ ಲೆಕ್ಕವಿಡುವುದು ಕಷ್ಟ. ರಾತ್ರಿಯೆಲ್ಲ ಎಚ್ಚರವಿದ್ದ ಕಾವಲುಗಾರನ ಖಾತೆಗೆ, ಬಾರದೆ ಹೋದ ಕಳ್ಳನನ್ನು ಯಾರೂ ಜಮಾ ಮಾಡುವುದಿಲ್ಲ. ನಮ್ಮ ಕಡೆಯ ಜಾತ್ರೆಗಳಲ್ಲಿ ಕಬಡ್ಡಿ ಪಂದ್ಯ ಕಟ್ಟುತ್ತಾರೆ. ಎದುರಾಳಿಯ ಅಂಗಳಕ್ಕೆ ನುಗ್ಗಿ ಮೂವರನ್ನು ಮುಟ್ಟಿ ಬಂದವನನ್ನು ಹುಡುಗರು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಮೂಲೆಯಲ್ಲಿ ಬಗ್ಗಿ ನಿಂತು, ಸಮಯ ನೋಡಿ, ನುಗ್ಗಿದವನ ಕಾಲು ಹಿಡಿದು ಕೆಡವಿದಾತ ಮೊಣಕೈಗೆ ಮೆತ್ತಿದ ಮಣ್ಣನ್ನು ಒರೆಸಿಕೊಂಡು ಚಹದಂಗಡಿಯ ಕಡೆಗೆ ಒಬ್ಬನೇ ನಡೆಯುತ್ತಾನೆ. ಆಟವನ್ನು ಗೆದ್ದವನು ಅವನೇ ಎಂಬುದು ಆಡಿದವರಿಗೆ ಮಾತ್ರ ಗೊತ್ತು.

ದೂರದ ಕೆನಡಾ ದೇಶದವರು ಈ ವಿಷಯದಲ್ಲಿ ನಮಗಿಂತ ಉದಾರಿಗಳು. ಅವರ ಫುಟ್‌ಬಾಲು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಅವುಚಿಕೊಂಡು ನುಗ್ಗುವ, ನುಗ್ಗಿದವನನ್ನು ಕೆಡವುವ ಆಟ. ಒಂದು ತಂಡದಲ್ಲಿಯೇ ನುಗ್ಗುವ ಪಂಗಡ ಬೇರೆ, ತಡೆಯುವ ಪಂಗಡ ಬೇರೆ. 1974ರಿಂದ ಈಚೆಗೆ ಅಲ್ಲಿಯ ಲೀಗಿನವರು ಋತುವಿಗೊಮ್ಮೆ, ತಡೆಯುವವರಲ್ಲೆಲ್ಲ ಶ್ರೇಷ್ಠನಾದವನಿಗೆ ಪ್ರತ್ಯೇಕವಾಗಿಯೇ ಒಂದು ಪ್ರಶಸ್ತಿ ಕೊಡುತ್ತ ಬಂದಿದ್ದಾರೆ. ನಮ್ಮಲ್ಲಿ ಅಂಥ ಪ್ರಶಸ್ತಿಯೊಂದಿದ್ದರೆ ಅದು ಯಾರ ಮನೆಯ ಗೂಡಿನಲ್ಲಿ ಸಾಲುಸಾಲಾಗಿ ಕೂತಿರುತ್ತಿತ್ತೆಂದು ಹೇಳಲು ಕನ್ನಡಿಗರಿಗೆ ಜ್ಯೋತಿಷ್ಯ ಬೇಕಿಲ್ಲ. ರಾಹುಲ್ ದ್ರಾವಿಡ್ ಹುಟ್ಟಿದ್ದು ಇಂದೂರಿನಲ್ಲಿ, 1973ರ ಜನವರಿ 11ರಂದು, ಮನೆಮಾತು ಮರಾಠಿ, ಬೆಳೆದದ್ದು, ಆಡಿದ್ದು, ನಮ್ಮವರಾದದ್ದು ಬೆಂಗಳೂರಿನಲ್ಲಿ.

ನನ್ನ ಮಗನಿಗೆ ಹದಿಮೂರು ವರ್ಷ. ಮೊನ್ನೆ ಇದ್ದಕ್ಕಿದ್ದಂತೆ, "ಅಪ್ಪಾ, ದ್ರಾವಿಡ್ ಟೆಸ್ಟಿನಲ್ಲಿ ಒಟ್ಟು ಎಷ್ಟು ಸಿಕ್ಸ್ ಹೊಡೆದಿದ್ದಾರೆ?" ಎಂದು ಕೇಳಿದ. ಇಪ್ಪತ್ತೊಂದು ಎಂದೆ. "ಒಂದು ಸೀಜನ್ನಿನಲ್ಲಾ?" ಎಂದ. ಇಲ್ಲಪ್ಪ, ಹದಿನಾರು ವರ್ಷಗಳಲ್ಲಿ, 164 ಪಂದ್ಯಗಳಲ್ಲಿ ಎಂದೆ. ಅವನು ನನ್ನ ಮುಖವನ್ನು ನೋಡಿದ ರೀತಿಯಲ್ಲಿ, ಬಡವರ ಮನೆಗೆ ಹೋಗಿ ಊಟ ಮುಗಿಸಿ ಎದ್ದ ನೆಂಟನ ಕನಿಕರವಿತ್ತು. ಇಂದಿನ ಮಕ್ಕಳು ಇಪ್ಪತ್ತು ಓವರಿನ ಒಂದೇ ಸಂಜೆಯಲ್ಲಿ ಅಷ್ಟು ಸಿಕ್ಸುಗಳನ್ನು ಎಣಿಸುತ್ತಾರೆ. ಅವನನ್ನು ದೂರಿ ಫಲವಿಲ್ಲ. ಆದರೆ ನನಗೆ ಉತ್ಸಾಹ ಬಂತು. ಮೇಷ್ಟರಿಗೆ ಉತ್ಸಾಹ ಬಂದರೆ ಮನೆಯವರಿಗೆ ಬೇರೆ ಕೆಲಸ ನೆನಪಾಗುವುದು ರೂಢಿ. ಅವನು ಎದ್ದುಹೋದ ಮೇಲೆ ಉಳಿದದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ದ್ರಾವಿಡರ 13,288 ಟೆಸ್ಟ್ ರನ್ನುಗಳು, 36 ಶತಕಗಳು ಎಲ್ಲರಿಗೂ ಗೊತ್ತು. ನನಗೆ ಪ್ರಿಯವಾದ ಅಂಕಿ ಬೇರೆ: 31,258. ಇದು ಅವರು ಟೆಸ್ಟ್ ಪಂದ್ಯಗಳಲ್ಲಿ ಎದುರಿಸಿದ ಚೆಂಡುಗಳ ಸಂಖ್ಯೆ. ಕ್ರಿಕೆಟ್ಟಿನ ಇತಿಹಾಸದಲ್ಲಿ ಇನ್ನಾರೂ ಇಷ್ಟು ಚೆಂಡುಗಳಿಗೆ ಎದುರಾಗಿ ನಿಂತಿಲ್ಲ. ಅಂಕಣದ ನಡುವೆ ಅವರು ಕಳೆದದ್ದು 44,152 ನಿಮಿಷ. ಎಂದರೆ 735 ಗಂಟೆಗೂ ಮೇಲೆ. ಹಗಲಿರುಳನ್ನು ಒಂದು ಮಾಡಿ ಎಣಿಸಿದರೆ ಮೂವತ್ತು ದಿವಸ ದಾಟುತ್ತದೆ. ಅಷ್ಟು ಹೊತ್ತೂ ಯಾರೋ ಒಬ್ಬ ಬಲಿಷ್ಠ ಯುವಕ ಇಪ್ಪತ್ತು ಗಜಗಳಾಚೆಯಿಂದ ಕೆಂಪು ಚೆಂಡನ್ನು ಬೀಸಿ ಎಸೆಯುತ್ತಲೇ ಇದ್ದಾನೆ, ಇವರು ಬೇಡ ಬೇಡವೆನ್ನುತ್ತಲೇ ಇದ್ದಾರೆ. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ ಹದಿನೆಂಟು ರನ್ನಿನ ಮೇಲೆ ನಲವತ್ತು ಚೆಂಡುಗಳ ಕಾಲ ಅಲ್ಲಾಡದೆ ನಿಂತರು. ಕೊನೆಗೆ ಒಂದು ರನ್ನು ಬಂದಾಗ ಆಸ್ಟ್ರೇಲಿಯದ ಪ್ರೇಕ್ಷಕರು ಎದ್ದು ಚಪ್ಪಾಳೆ ತಟ್ಟಿದರು, ಹಾಸ್ಯಕ್ಕೇ. ದ್ರಾವಿಡರು ಶತಕ ಹೊಡೆದವರಂತೆ ಬ್ಯಾಟನ್ನು ಮೇಲೆತ್ತಿ ತೋರಿಸಿದರು. ತಡೆಯುವವನಿಗೆ ವಿನೋದಪ್ರಜ್ಞೆ ಇರುವುದಿಲ್ಲವೆಂದು ಹೇಳುವವರು ಈ ಒಂದು ರನ್ನನ್ನು ಮರೆಯಬಾರದು.

ಕ್ರಿಕೆಟ್ಟಿನ ಲೋಕ ಅವರನ್ನು 'ಗೋಡೆ' ಎಂದು ಕರೆಯಿತು. ಕನ್ನಡ ಪಾಠ ಹೇಳುವ ನನಗೆ ಈ ರೂಪಕದ ಮೇಲೆ ಮೊದಲಿನಿಂದಲೂ ತಕರಾರು. ಗೋಡೆಗೆ ಬುದ್ಧಿಯಿಲ್ಲ. ತನಗೆ ತಾಗಿದ್ದನ್ನೆಲ್ಲ ಅದು ಹಿಂದಕ್ಕೆ ಕಳಿಸುತ್ತದೆಯೇ ಹೊರತು, ಯಾವುದನ್ನು ತಾಗಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸುವುದಿಲ್ಲ. ದ್ರಾವಿಡರ ಅರ್ಧ ವಿದ್ಯೆ ಇದ್ದದ್ದೇ ಬಿಡುವುದರಲ್ಲಿ. ಆಫ್ ಸ್ಟಂಪಿನಿಂದ ನಾಲ್ಕು ಬೆರಳು ಆಚೆಗೆ ಹೋಗುವ ಚೆಂಡು, ಹೊಡೆ ಹೊಡೆ ಎಂದು ಕರೆಯುವ ಚೆಂಡು ಬಂದಾಗ, ಅವರು ಮುಂಗಾಲನ್ನು ಅದರ ದಿಕ್ಕಿಗೇ ಇಟ್ಟು, ತಲೆ ಬಾಗಿಸಿ ಕೊನೆಯತನಕ ನೋಡಿ, ಬ್ಯಾಟನ್ನು ಮೇಲೆತ್ತಿಬಿಡುತ್ತಿದ್ದರು. ತಡೆಯಬೇಕಾದ ಚೆಂಡಿಗೆ ಕೈಗಳನ್ನು ಸಡಿಲು ಮಾಡಿಕೊಂಡು, ಅದು ಬ್ಯಾಟಿಗೆ ತಾಗಿ ಕಾಲ ಬುಡದಲ್ಲಿ ಸತ್ತು ಬೀಳುವಂತೆ ಆಡುತ್ತಿದ್ದರು. ಗೋಡೆಗೆ ತಾಗಿದ ಚೆಂಡು ಪುಟಿಯುತ್ತದೆ. ಇವರಿಗೆ ತಾಗಿದ ಚೆಂಡು ಪುಟಿಯುತ್ತಿರಲಿಲ್ಲ. ಪುಟಿದಿದ್ದರೆ ಸ್ಲಿಪ್ಪಿನಲ್ಲಿ ನಿಂತವರ ಕೈಸೇರುತ್ತಿತ್ತು. ಬಾಲ್ಯದಲ್ಲಿ ಅವರನ್ನು ತಿದ್ದಿದ ಕೇಕಿ ತಾರಾಪೂರರ ಪಾಠವೂ ಇದೇ: ಚೆಂಡು ನೆಲದ ಮೇಲಿದ್ದರೆ ಹಿಡಿಯುವವರಾರು?

ಗೋಡೆಯ ಬದಲಿಗೆ ನಾನು ಸೂಚಿಸುವ ಪದ 'ಒಡ್ಡು'. ಒಡ್ಡು ಎಂದರೆ ನೀರಿಗೆ ಅಡ್ಡಲಾಗಿ ಹಾಕಿದ ಕಟ್ಟೆ. ಅದೇ ಪದ ಕ್ರಿಯಾಪದವಾದಾಗ ಮುಂದೆ ಚಾಚು, ಎದುರಿಗೆ ಹಿಡಿ ಎಂದರ್ಥ, ಮೈಯೊಡ್ಡುತ್ತೇವೆ, ಕೈಯೊಡ್ಡುತ್ತೇವೆ. ಹಳಗನ್ನಡದಲ್ಲಿ ಸೇನೆಯ ವ್ಯೂಹಕ್ಕೂ ಒಡ್ಡು, ಒಡ್ಡಣ ಎಂಬ ಮಾತುಗಳಿವೆ. ಅಡ್ಡಿಯೂ ಅದೇ, ಅರ್ಪಣೆಯೂ ಅದೇ, ಯುದ್ಧವೂ ಅದೇ. ಒಂದೇ ಪದದಲ್ಲಿ ದ್ರಾವಿಡರ ಹದಿನಾರು ವರ್ಷವೆಲ್ಲ ಕೂತುಬಿಡುತ್ತದೆ. ಜತೆಗೆ ಒಡ್ಡಿಗೆ ತೂಬು ಇರುತ್ತದೆ. ಎಷ್ಟು ನೀರು ಬಿಡಬೇಕೆಂಬ ವಿವೇಕವಿಲ್ಲದ ಒಡ್ಡು ಒಂದೇ ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ.

ಒಡ್ಡಿನ ವಿಷಯ ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ನನ್ನ ಊರು ಉಕ್ಕಡಗಾತ್ರಿ. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿದೆ. ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿಗೆ ಅಮಾವಾಸ್ಯೆಗೆ ಬಂದು ಹೊಳೆಯಲ್ಲಿ ಮಿಂದುಹೋಗುವ ಸಹಸ್ರಾರು ಭಕ್ತರಿಗೆ ನನ್ನೂರು ಗೊತ್ತು. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗೆ ಭದ್ರೆಯರು ಒಂದಾಗಿ ಹೊನ್ನಾಳಿಯನ್ನು ಹಾದು ನಮ್ಮಲ್ಲಿಗೆ ಬರುತ್ತಾರೆ, ಆಮೇಲೆ ಹರಿಹರ. ಮಲೆನಾಡಿನಲ್ಲಿ ಮಳೆ ಹಿಡಿದು ಗಾಜನೂರಿನ ಅಣೆಕಟ್ಟೆ ತುಂಬಿತೆಂದರೆ ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಬರುತ್ತದೆ. ಸ್ನಾನಘಟ್ಟ ಮುಳುಗುತ್ತದೆ, ತೆಂಗಿನಕಾಯಿ ಮಾರುವ ಅಂಗಡಿಗಳು ಮುಳುಗುತ್ತವೆ, ಪತ್ತೇಪುರದ ರಸ್ತೆ ಕಾಣದಾಗುತ್ತದೆ. ಪತ್ರಿಕೆಗಳಲ್ಲಿ ನನ್ನೂರ ಹೆಸರು ಬರುವುದು ಬಹುತೇಕ ಆಗಲೇ. ನಿಘಂಟು ತೆಗೆದು ನೋಡಿದರೆ ಉಕ್ಕಡ ಎಂಬುದಕ್ಕೆ ಕಾವಲಿನ ಠಾಣೆ ಎಂದು ಅರ್ಥ ಕೊಟ್ಟಿದೆ. ಊರಿನ ಹೆಸರು ಅದರಿಂದಲೇ ಬಂತೆಂದು ವಾದಿಸಲು ನಾನು ಹೊರಟಿಲ್ಲ. ಕೇಳಲು ಚೆನ್ನಾಗಿದೆ, ಅಷ್ಟೆ.

ನನ್ನ ತಂದೆಯವರಿಗೆ ಹೊಳೆಸಾಲಿನಲ್ಲಿ ಎರಡೆಕರೆ ಗದ್ದೆ. ನಾಟಿ ಮುಗಿಯುವ ಹೊತ್ತಿಗೆ ಸರಿಯಾಗಿ ಹೊಳೆ ಏರುವುದು ಅದರ ಜಾತಕ. ಪ್ರತಿ ವರ್ಷ ಅವರು ಹೊಳೆಯ ಕಡೆಗೆ ಮಣ್ಣಿನ ಒಡ್ಡು ಹಾಕುವರು. ಮರಳು ತುಂಬಿದ ಚೀಲಗಳನ್ನು ಒಟ್ಟುವರು. ನೀರು ಏರಿದ ರಾತ್ರಿಗಳಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಬ್ಯಾಟರಿ ಹಿಡಿದು, ಸಲಿಕೆಯೊಡನೆ ಒಡ್ಡಿನ ಮೇಲೆ ಓಡಾಡುವರು. ಏಡಿ ಕೊರೆದ ಒಂದು ತೂತು ಸಾಕು. ತೂತು ಕಂಡ ಕಡೆ ಒಂದು ಸಲಿಕೆ ಮಣ್ಣು, ಒಂದು ಒದೆತ. ಬೆಳಿಗ್ಗೆ ಮನೆಗೆ ಬಂದು ಮಲಗುವರು. ಗದ್ದೆ ಉಳಿದರೆ ನಾವು ಏನು ನೋಡುತ್ತಿದ್ದೆವು? ಮಾಮೂಲಿನ ಗದ್ದೆ. ಉಳಿಯದ ವರ್ಷ ಮಾತ್ರ ಊರೆಲ್ಲ ಬಂದು ನೋಡಿ, ಲೊಚಗುಟ್ಟಿ ಹೋಗುತ್ತಿತ್ತು.

ದ್ರಾವಿಡರ ಕಥೆಯೂ ಹೆಚ್ಚುಕಡಮೆ ಇದೇ. 1996ರ ಜೂನಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟ್ ಆಡಿ 95 ರನ್ನು ಹೊಡೆದರು; ಅದೇ ಪಂದ್ಯದಲ್ಲಿ ಮೊದಲ ಬಾರಿ ಆಡಿದ ಗಂಗೂಲಿ 131 ಹೊಡೆದರು. 1999ರ ವಿಶ್ವಕಪ್ಪಿನಲ್ಲಿ ಟಾಂಟನ್ನಿನಲ್ಲಿ ಇವರು 145, ಗಂಗೂಲಿ 183. ಅದೇ ವರ್ಷ ಹೈದರಾಬಾದಿನಲ್ಲಿ ಇವರು 153, ತೆಂಡೂಲ್ಕರ್ 186. ದ್ವಂದ್ವ ಸಮಾಸದಲ್ಲಿ ಸದಾ ಎರಡನೆಯ ಪದವಾಗಿ ಬಂದವರು ಇವರು. ಕಲ್ಕತ್ತೆಯಲ್ಲಂತೂ ಕೇಳುವುದೇ ಬೇಡ. 2001ರ ಮಾರ್ಚ್ 14. ನಾನಾಗ ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದೆ. ಭಾರತ 274 ರನ್ ಹಿಂದೆ ಬಿದ್ದು ಫಾಲೋ-ಆನ್ ಆಗಿತ್ತು. ನಾಲ್ಕು ವಿಕೆಟ್ ಹೋಗಿದ್ದವು. ಬೆಳಿಗ್ಗೆ ತರಗತಿಗೆ ಹೋಗುವಾಗ ಲಕ್ಷ್ಮಣ್ ಮತ್ತು ದ್ರಾವಿಡ್ ಆಡುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದಾಗಲೂ ಅವರೇ. ಸಂಜೆ ಹಾಸ್ಟೆಲ್ಲಿನ ಟಿ.ವಿ.ಯ ಮುಂದೆ ನಿಲ್ಲಲು ಜಾಗವಿಲ್ಲ, ಪರದೆಯ ಮೇಲೆ ಅವರಿಬ್ಬರೇ. ಇಡೀ ದಿನ ಒಂದು ವಿಕೆಟ್ಟೂ ಬೀಳಲಿಲ್ಲ. ಐದನೆಯ ವಿಕೆಟ್ಟಿಗೆ 376 ರನ್. ಲಕ್ಷ್ಮಣ್ 281, ದ್ರಾವಿಡ್ 180. ಮರುದಿನ ಹರ್‌ಭಜನ್ ಸಿಂಗರ ಬೌಲಿಂಗಿನಲ್ಲಿ ಆಸ್ಟ್ರೇಲಿಯ ಕುಸಿದು, ಭಾರತ 171 ರನ್ನುಗಳಿಂದ ಗೆದ್ದಿತು. ಜನ ಇಂದಿಗೂ ಹೇಳುವುದು 281ರ ಕಥೆಯನ್ನು. ಲಕ್ಷ್ಮಣರ ಆಟ ದೇವಲೋಕದ್ದು, ಅನುಮಾನವಿಲ್ಲ. ಆದರೆ ಆ ದೇವಲೋಕಕ್ಕೆ ನೆಲಗಟ್ಟು ಹಾಕಿಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ಆ ರಾತ್ರಿ ಹಾಸ್ಟೆಲ್ಲಿನಲ್ಲಿ ನಾನು ಎತ್ತಿ, ಒಂಟಿಯಾಗಿ ವಾದಿಸಿ ಗಂಟಲು ಕೆಡಿಸಿಕೊಂಡದ್ದು ನೆನಪಿದೆ.

ಅವರ ದೊಡ್ಡ ಆಟಗಳೆಲ್ಲ ಬಹುಮಟ್ಟಿಗೆ ಪರಸ್ಥಳದವು; 36 ಶತಕಗಳಲ್ಲಿ 21 ಹೊರದೇಶಗಳಲ್ಲಿ ಬಂದವು. 2002ರಲ್ಲಿ ಲೀಡ್ಸಿನ ಮೋಡ ಕವಿದ ಬೆಳಗಿನಲ್ಲಿ ಆಡಿದ 148. 2003ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ 233 ಮತ್ತು ಔಟಾಗದೆ 72. 2004ರಲ್ಲಿ ರಾವಲ್ಪಿಂಡಿಯಲ್ಲಿ ಹನ್ನೆರಡು ಗಂಟೆ ದಾಟಿ ನಿಂತು ಹೊಡೆದ 270. ಈ ಮೂರರಲ್ಲೂ ಭಾರತ ಗೆದ್ದಿತು. ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಮಿಗಿಲು 2006ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಆಡಿದ 81 ಮತ್ತು 68. ನೆಲ ಕೆಟ್ಟಿತ್ತು, ಕೆಲವು ಚೆಂಡು ಕೊರಳಿಗೆ ಬಂದರೆ ಕೆಲವು ಕಾಲಿನ ಹರಡಿಗೆ ಬರುತ್ತಿದ್ದವು. ಭಾರತ ಎರಡು ಸರದಿಗಳಲ್ಲಿ ಮಾಡಿದ್ದು 200 ಮತ್ತು 171. ನಾಯಕ ಅವರೇ. 49 ರನ್ನಿನಿಂದ ಗೆದ್ದು, ವೆಸ್ಟ್ ಇಂಡೀಸಿನಲ್ಲಿ 1971ರ ಬಳಿಕ ಮೊದಲ ಸಲ ಸರಣಿ ಗೆದ್ದುಕೊಂಡು ಬಂದರು. ಒಂದು ಶತಕವೂ ಇಲ್ಲದ ಈ ಪಂದ್ಯ ಯಾವ ಪಟ್ಟಿಯಲ್ಲೂ ಮೇಲೆ ಬರುವುದಿಲ್ಲ.

ತಡೆಯಬಲ್ಲವನಿಗೆ ಇನ್ನೊಂದು ಶಾಪವಿದೆ. ಎಲ್ಲಿ ತೂತು ಬಿದ್ದರೂ ಅವನನ್ನೇ ಕರೆಯುತ್ತಾರೆ. ಒಂದು ದಿನದ ಪಂದ್ಯಗಳಲ್ಲಿ ಇನ್ನೊಬ್ಬ ದಾಂಡಿಗನಿಗೆ ಜಾಗ ಬೇಕೆಂದರೆ ದ್ರಾವಿಡರೇ ಕೈಗವಸು ತೊಟ್ಟು ವಿಕೆಟ್ಟಿನ ಹಿಂದೆ ನಿಲ್ಲಬೇಕು. 2003ರ ವಿಶ್ವಕಪ್ಪಿನಲ್ಲಿ ಹಾಗೇ ಆಯಿತು. ಆರಂಭದ ಆಟಗಾರನಿಗೆ ಗಾಯವಾಯಿತೆಂದರೆ ದ್ರಾವಿಡರೇ ಮೊದಲು ಇಳಿಯಬೇಕು. ಸ್ಲಿಪ್ಪಿನಲ್ಲಿ ನಿಲ್ಲಲು ಯಾರು? ಅವರೇ. ಅಲ್ಲಿ ನಿಂತು ಹಿಡಿದ 210 ಕ್ಯಾಚುಗಳು ಬಹುಕಾಲ ಲೋಕದ ದಾಖಲೆಯಾಗಿತ್ತು. 2025ರ ಜುಲೈನಲ್ಲಿ ಲಾರ್ಡ್ಸಿನಲ್ಲಿ ಇಂಗ್ಲೆಂಡಿನ ಜೋ ರೂಟ್ ಅದನ್ನು ದಾಟಿದರು. ಆ 211ನೆಯ ಕ್ಯಾಚಿಗೆ ಬಲಿಯಾದ ದಾಂಡಿಗ ನಮ್ಮ ಕರ್ನಾಟಕದ ಕರುಣ್ ನಾಯರ್ ಎಂಬುದು ವಿಧಿಯ ಚೇಷ್ಟೆ.

2011ರ ಮಳೆಗಾಲದಲ್ಲಿ ತಂದೆಯವರಿಗೆ ಲಕ್ವ ಹೊಡೆಯಿತು. ಬಲಗೈ ನಿಂತುಹೋಯಿತು. ದಾವಣಗೆರೆಯಲ್ಲಿ ಚಿಕಿತ್ಸೆ ಮುಗಿಸಿ, ನನ್ನ ಬಾಡಿಗೆ ಮನೆಯಲ್ಲಿಯೇ ಇಟ್ಟುಕೊಂಡೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗ ಅವರ ಅಂಗೈಗೆ ಒಂದು ಮೆತ್ತನೆಯ ರಬ್ಬರ್ ಚೆಂಡು ಕೊಟ್ಟು, ಹೊತ್ತು ಸಿಕ್ಕಾಗಲೆಲ್ಲ ಅದುಮುತ್ತಿರಬೇಕೆಂದು ಹೇಳಿಹೋದ. ಅದುಮಲು ಹೋದರೆ ಬೆರಳು ಬಗ್ಗುತ್ತಿರಲಿಲ್ಲ, ಚೆಂಡು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು, ನನ್ನವಳು ಹೆಕ್ಕಿಕೊಡುತ್ತಿದ್ದಳು. ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಅದೇ ದಿನಗಳಲ್ಲಿ ಅಣ್ಣ ಊರಿನಿಂದ ಬಂದು ಗದ್ದೆಯ ಮಾತೆತ್ತಿದ. ಇನ್ನು ಒಡ್ಡು ನೋಡುವವರು ಯಾರು? ಕೊಳ್ಳುವವರಿದ್ದಾರೆ, ಕೊಟ್ಟುಬಿಡೋಣ. ಮೂವತ್ತು ವರ್ಷದಲ್ಲಿ ಆ ಎರಡೆಕರೆಗೆ ಸುರಿದ ಮಣ್ಣು, ಕೂಲಿ, ನಿದ್ದೆ ಎಲ್ಲ ಲೆಕ್ಕ ಹಾಕಿದರೆ ಬಂದ ಬತ್ತಕ್ಕೆ ಸಮವಾಗುವುದಿಲ್ಲ ಎಂದು ನಾನೂ ಹೇಳಿದೆ. ಲೆಕ್ಕ ಇಂದಿಗೂ ಅಷ್ಟೇ. ತಂದೆಯವರು ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ದಿನ ಚೆಂಡು ಮುಟ್ಟಲಿಲ್ಲ.

ಭಾರತದ ತಂಡ ಆಗ ಇಂಗ್ಲೆಂಡಿನಲ್ಲಿತ್ತು. ಮಧ್ಯಾಹ್ನ ಮೂರೂವರೆಗೆ ಆಟ ಆರಂಭವಾದರೆ ನಮ್ಮ ಊಟದ ಹೊತ್ತು ದಾಟುವವರೆಗೂ ನಡೆಯುತ್ತಿತ್ತು. ಆ ಸರಣಿಯನ್ನು ನೆನೆದರೆ ಈಗಲೂ ಅವಮಾನವಾಗುತ್ತದೆ: ನಾಲ್ಕಕ್ಕೆ ನಾಲ್ಕೂ ಸೋಲು, ಕಡೆಯ ಎರಡು ಇನಿಂಗ್ಸ್ ಸೋಲು. ಅದರ ನಡುವೆ ಮೂವತ್ತೆಂಟು ವರ್ಷದ ದ್ರಾವಿಡರು ಮೂರು ಶತಕ ಹೊಡೆದರು. ಹದಿನೈದು ವರ್ಷದ ಹಿಂದೆ ಐದು ರನ್ನಿಗೆ ತಪ್ಪಿಹೋಗಿದ್ದ ಲಾರ್ಡ್ಸಿನಲ್ಲಿ ಔಟಾಗದೆ 103, ನಾಟಿಂಗ್‌ಹ್ಯಾಮಿನಲ್ಲಿ 117. ಬರ್ಮಿಂಗ್‌ಹ್ಯಾಮಿನಲ್ಲಿ ಬ್ಯಾಟು ತಮ್ಮ ಬೂಟಿನ ದಾರಕ್ಕೆ ತಾಗಿದ ಸದ್ದನ್ನು ಚೆಂಡಿನದೆಂದು ಎಲ್ಲರೂ ಭ್ರಮಿಸಿದಾಗ, ತಾವೂ ಹಾಗೇ ತಿಳಿದು ಮರುಪರಿಶೀಲನೆ ಕೇಳದೆ ಹೊರಟುಹೋದರು.

ತಂದೆಯವರಿಗೆ ಕ್ರಿಕೆಟ್ಟಿನ ಗಂಧವಿರಲಿಲ್ಲ. ಎದ್ದು ಹೋಗಲಾರದ್ದರಿಂದ ನೋಡುತ್ತಿದ್ದರು. ಆಗಸ್ಟ್ 21, ಭಾನುವಾರ. ಓವಲ್ ಮೈದಾನದಲ್ಲಿ ಕೊನೆಯ ಪಂದ್ಯ. ಇಂಗ್ಲೆಂಡಿನವರು 591 ಹೊಡೆದು ಬಿಟ್ಟಿದ್ದರು. ಒಂದು ಕಡೆ ಹೋಗುವವರು ಹೋಗುತ್ತಿದ್ದರು. ಇನ್ನೊಂದು ಕಡೆ ಹಿಂದಿನ ದಿನದಿಂದ ದ್ರಾವಿಡರು ನಿಂತಿದ್ದರು.

"ಯಾಕಲೇ, ಆ ಮನುಷ್ಯ ಹೊಡಿಯಂಗಿಲ್ಲಲ್ಲ?" ಎಂದು ಕೇಳಿದರು ತಂದೆ.

"ಅವನು ಔಟಾದರೆ ಮುಗೀತಪ್ಪ. ಅದಕ್ಕೇ ನಿಂತಿದಾನೆ."

"ನಿಂತರೆ ಗೆಲ್ತಾರೇನು?"

"ಗೆಲ್ಲಲ್ಲ. ಸೋಲೋದೇ."

ತಂದೆ ಮತ್ತೇನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ರಬ್ಬರ್ ಚೆಂಡು ಅವರ ಅಂಗೈಯಲ್ಲಿತ್ತು. ಬೌಲರು ಓಡಿ ಬರುವಾಗ ಎಡಗೈಯಿಂದ ಬಲಗೈಯ ಬೆರಳುಗಳನ್ನು ಅದರ ಸುತ್ತ ಬಿಗಿಸುವರು. ದ್ರಾವಿಡರು ತಡೆದ ಮೇಲೆ ಸಡಿಲಿಸುವರು. ಭಾರತ 300ಕ್ಕೆ ಮುಗಿಯಿತು. ಮೊದಲು ಇಳಿದಿದ್ದ ದ್ರಾವಿಡರು ಕೊನೆಯವರೆಗೂ ಔಟಾಗದೆ 146. ಫಾಲೋ-ಆನ್. ಎರಡು ಸರದಿಗಳ ನಡುವೆ ಹತ್ತು ನಿಮಿಷದ ಬಿಡುವು. ಹತ್ತು ನಿಮಿಷ ಕಳೆದು ಮೆಟ್ಟಲಿಳಿದು ಬಂದ ಇಬ್ಬರಲ್ಲಿ ಒಬ್ಬರು ಮತ್ತೆ ಅವರೇ.

"ಲೇ, ಅವನೇ ಬಂದನಲ್ಲ!" ಎಂದು ತಂದೆ ದಿಂಬಿನಿಂದ ತಲೆ ಎತ್ತಿದರು. "ಅವರ ಕಡೆ ಬೇರೆ ಆಳು ಇಲ್ಲೇನು?" ಎರಡನೆಯ ಸಲ ದ್ರಾವಿಡರು 13ಕ್ಕೆ ಹೋದರು. ಭಾರತ ಮರುದಿನ ಇನಿಂಗ್ಸ್ ಮತ್ತು 8 ರನ್ನಿನಿಂದ ಸೋತಿತು. ಅಣ್ಣ ಮುಂದಿನ ವಾರ ಬಂದಾಗ ತಂದೆ, "ಗದ್ದೆ ಮಾರಂಗಿಲ್ಲ. ಕೋರಿಗೆ ಕೊಡ್ರಿ. ಒಡ್ಡು ಹಾಕೋನಿಗೇ ಕೊಡ್ರಿ" ಎಂದು ಮಾತು ಮುಗಿಸಿದರು. ಗದ್ದೆ ಇಂದಿಗೂ ಕೋರಿಗೇ ಇದೆ. ಕೆಲವು ವರ್ಷ ಬತ್ತ ಬರುತ್ತದೆ, ಕೆಲವು ವರ್ಷ ಹೊಳೆಯ ಮರಳು ಬರುತ್ತದೆ.

ಆ ವರ್ಷದ ಕೊನೆಯಲ್ಲಿ ತಂಡ ಆಸ್ಟ್ರೇಲಿಯಕ್ಕೆ ಹೋಯಿತು. ಜನವರಿಯಲ್ಲಿ ಪರ್ತಿನಲ್ಲಿ ನಮ್ಮ ದಾವಣಗೆರೆಯ ವಿನಯಕುಮಾರ್ ಟೆಸ್ಟ್ ಆಡಿದರೆಂದು ನಮ್ಮೂರಿಗೆ ಸಂಭ್ರಮ. ಅದು ಅವರಿಗೆ ಒಂದೇ ಟೆಸ್ಟ್ ಆಗಿ ಉಳಿಯಿತು. ಆದರೆ ನನ್ನ ಕಣ್ಣು ಬೇರೆ ಕಡೆ ಇತ್ತು. ಎಂಟು ಸರದಿಗಳಲ್ಲಿ ಆರು ಬಾರಿ ದ್ರಾವಿಡರ ಗೂಟ ಹಾರಿತು. ಬ್ಯಾಟಿಗೂ ಕಾಲಿಗೂ ನಡುವೆ ಒಂದು ಸಂದು. ಬೌಲರುಗಳೆಲ್ಲ ಅದನ್ನು ಕಂಡುಕೊಂಡಿದ್ದರು. ಗೋಡೆ ಬಿರುಕು ಬಿಟ್ಟಿತೆಂದು ಬರೆಯಲು ಪತ್ರಕರ್ತರಿಗೆ ತಲೆಬರಹ ಹುಡುಕುವ ಶ್ರಮವೂ ತಪ್ಪಿತು. ಮತ್ತೊಂದು ಸರಣಿಗಾಗಿ, ಬೀಳ್ಕೊಡುಗೆಯ ಪಂದ್ಯಕ್ಕಾಗಿ ಅವರು ಕಾಯಲಿಲ್ಲ. 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪತ್ರಕರ್ತರ ಮುಂದೆ ಕೂತು, ಸಾಕೆಂದು ಹೇಳಿ ಎದ್ದರು.

ಮಾರನೆಯ ಬೆಳಿಗ್ಗೆ ಪತ್ರಿಕೆಯಲ್ಲಿನ ಚಿತ್ರವನ್ನು ತಂದೆಯವರಿಗೆ ತೋರಿಸಿ, ಇವರು ಆಟ ಬಿಟ್ಟರಂತೆ ಎಂದೆ. ಅಷ್ಟರಲ್ಲಿ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಬಲಗೈಯಲ್ಲಿ ಲೋಟ ಹಿಡಿಯಬಲ್ಲವರಾಗಿದ್ದರು, ಸಲಿಕೆ ಮಾತ್ರ ಕೊನೆಗೂ ಹಿಡಿಯಲಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇನ್ನು ಆ ಜಾಗದಾಗ ಯಾರು ನಿಲ್ಲೋರು?"

ಸೌರಾಷ್ಟ್ರದ ಕಡೆಯ ಪೂಜಾರ ಎಂಬ ಹುಡುಗನ ಹೆಸರು ಹೇಳುತ್ತಿದ್ದಾರೆ, ತಾಳ್ಮೆಯವನಂತೆ ಎಂದೆ.

ತಂದೆ ಚೆಂಡನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು, "ಅಲ್ಲಿ ಹೊಳೆ ಐತೇನು?" ಎಂದು ಕೇಳಿದರು.